ಹಳೆ ಪದ್ಮಿನಿ, ಅಂಬಾಸಿಡರ್ ಎಸಿ ಪಂಪಿಗೆ ಈಗಿನ ಪೆಟ್ರೋಲ್ ಏನು ಮಾಡುತ್ತದೆ?

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ಹಳೆ ಪದ್ಮಿನಿಯೋ ಅಂಬಾಸಿಡರೋ ಮಿಸ್ ಹೊಡೆದು ನಿಂತರೆ, ಕಾರ್ಬುರೇಟರ್ ಬಿಚ್ಚುವ ಮೊದಲು ಎಸಿ ಪಂಪ್ (ಟ್ಯಾಂಕಿನಿಂದ ಕಾರ್ಬುರೇಟರಿಗೆ ಪೆಟ್ರೋಲ್ ಎಳೆದು ಕೊಡುವ ಪಂಪ್; ಏರ್ ಕಂಡೀಷನರಿಗೆ ಸಂಬಂಧವಿಲ್ಲ) ನೋಡಿ. ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್. ಪಂಪಿನೊಳಗೆ ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆಯುವ ಹಳೆ ರಬ್ಬರ್ ಹಾಳೆ, ಅಂದರೆ ಡಯಾಫ್ರಮ್, ಅದಕ್ಕೆಂದು ಮಾಡಿದ್ದಲ್ಲ. ಉಬ್ಬಿ, ಗಡಸಾಗಿ, ಕೊನೆಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ.

ಮೊದಲು ಡಿಪ್‌ಸ್ಟಿಕ್ ಎಳೆದು ಮೂಸಿ. ಆಯಿಲ್ ತೆಳ್ಳಗಾಗಿ ಪೆಟ್ರೋಲ್ ವಾಸನೆ ಬಂದರೆ ಡಯಾಫ್ರಮ್ ಹರಿದು ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯುತ್ತಿರಬಹುದು. ಹಾಗೆಯೇ ಓಡಿಸಿದರೆ ಬೇರಿಂಗ್ ಸವೆಯುತ್ತದೆ. ರಿಪೇರಿಯ ನಂತರ ಆಯಿಲನ್ನೂ ಬದಲಿಸಲೇಬೇಕು.

ವಾಸನೆಯಿಲ್ಲವೇ? ಎಂಜಿನ್ ತಣ್ಣಗಾದ ಮೇಲೆ ಕಿಡಿ ಹಾರದಂತೆ ಇಗ್ನಿಷನ್ ಕಾಯಿಲ್ ವೈರ್ ತೆಗೆದು, ಕಾರ್ಬುರೇಟರ್ ಕಡೆಯ ಪೈಪನ್ನು ಗಾಜಿನ ಬಾಟಲಿಗೆ ಬಿಟ್ಟು 10 ಸೆಕೆಂಡ್ ಸ್ಟಾರ್ಟರ್ ಹೊಡೆಯಿರಿ. ಬಿಟ್ಟುಬಿಟ್ಟು ಜೋರಾಗಿ ಚಿಮ್ಮಬೇಕು. ಗುಳ್ಳೆ ಬಂದರೆ ಟ್ಯಾಂಕ್ ಕಡೆಯ ಪೈಪ್ ಗಾಳಿ ಎಳೆಯುತ್ತಿದೆ. ಬಾಟಲಿಯನ್ನು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು ಕುಡಿದ ಎಥೆನಾಲ್. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯಬೇಕು. ಕಾರವಾರದ ಮಳೆಗಾಲದಲ್ಲಿ ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಗೆ ಈ ಕಾಟ ಹೆಚ್ಚು.

ಹೊಸ ಡಯಾಫ್ರಮ್, ಹೋಸ್ ಎರಡೂ ಎಥೆನಾಲ್ ತಡೆಯುವ ರಬ್ಬರಾದ ವಿಟಾನಿನದೇ ಇರಲಿ. ಬಿಚ್ಚುವ ಮೊದಲು ಪಂಪಿನ ಎರಡು ಹೋಳಿಗೂ ಅಡ್ಡಲಾಗಿ ಅರದಿಂದ ಗೆರೆ ಎಳೆಯಿರಿ. ಕೂರಿಸುವಾಗ ಸ್ಕ್ರೂ ಸಡಿಲವಾಗಿಟ್ಟು, ಪಂಪನ್ನು ಆಡಿಸುವ ಲಿವರನ್ನು ಪೂರ್ತಿ ಒತ್ತಿ ಹಿಡಿದು, ಎದುರುಬದುರಾಗಿ ಬಿಗಿ ಮಾಡಿ. ಇಲ್ಲದಿದ್ದರೆ ಡಯಾಫ್ರಮ್ ಸೆಳೆತಕ್ಕೆ ಸಿಕ್ಕು ಬೇಗ ಹರಿಯುತ್ತದೆ.

ಪಂಪ್ ಮತ್ತು ಬ್ಲಾಕಿನ ನಡುವಿನ ದಪ್ಪ ಸ್ಪೇಸರನ್ನು ಎಸೆಯಬೇಡಿ. ಶಾಖ ತಡೆಯುವುದೂ ಅದೇ, ಲಿವರಿನ ಹೊಡೆತ ಸರಿಯಾಗಿಡುವುದೂ ಅದೇ.