ಮೊದಲು ದಾರ, ಆಮೇಲೆ ಪರದೆ: ಮಕ್ಕಳಿಂದ ವಿಜ್ಞಾನದ ಪ್ರಯೋಗ ಮಾಡಿಸುವ ಕ್ರಮ

ಸುಮಾರು ಒಂದೂವರೆ ಮೀಟರ್ ಗಟ್ಟಿ ದಾರ, ಒಂದೇ ಅಳತೆಯ ಮೂರು ನಾಲ್ಕು ಕಬ್ಬಿಣದ ನಟ್ಟುಗಳು, ಒಂದು ಟೇಪು ಮತ್ತು ಸ್ಟಾಪ್‌ವಾಚ್ ಇರುವ ಒಂದು ಫೋನು ಇದ್ದರೆ ಹತ್ತು ವರ್ಷದವರಿಂದ ಹಿಡಿದು ಹದಿನೇಳು ವರ್ಷದವರವರೆಗೆ ಎಲ್ಲರನ್ನೂ ಒಂದು ಮಧ್ಯಾಹ್ನವಿಡೀ ಕೆಲಸಕ್ಕೆ ಹಚ್ಚಬಹುದು. ದಾರದ ತುದಿಗೆ ನಟ್ಟು ಕಟ್ಟಿ ತೂಗಿಸಿದರೆ ಅದೊಂದು ಲೋಲಕ, ಅಂದರೆ ಪೆಂಡುಲಮ್. ಅದೇ ಲೋಲಕವನ್ನು ಕಂಪ್ಯೂಟರಿನಲ್ಲಿ ತೂಗಿಸಿ ತೋರಿಸುವ ಸಿಮ್ಯುಲೇಷನ್‌ಗಳೂ ಈಗ ಉಚಿತವಾಗಿ ಸಿಗುತ್ತವೆ. ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ನಡೆಯುತ್ತಲೇ ಇರುತ್ತದೆ. ಕಲಿಸುವವರಿಗೆ ಅದಕ್ಕಿಂತ ಮುಖ್ಯವಾದದ್ದು ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಮಾಡಿಸಬೇಕು ಎಂಬ ಪ್ರಶ್ನೆ. ಮಕ್ಕಳ ಗುಂಪುಗಳೊಂದಿಗೆ ನಾನು ಪಾಲಿಸುತ್ತ ಬಂದಿರುವ ಕ್ರಮದಲ್ಲಿ ಮೊದಲು ಕೈ, ನಡುವೆ ಪರದೆ, ಕೊನೆಗೆ ಮತ್ತೆ ಕೈ. ವಿದ್ಯುತ್ತಿನ ಪಾಠದಲ್ಲಿ ಮಾತ್ರ ಇದನ್ನು ತಿರುಗಿಸುತ್ತೇನೆ. ಕಾರಣವನ್ನು ಮುಂದೆ ಹೇಳಿದ್ದೇನೆ.

ಲೋಲಕವನ್ನು ತೂಗಿಸುವುದು

ಒಂದು ಪೆನ್ಸಿಲ್ಲು ಮೇಜಿನ ಅಂಚಿನಿಂದ ಹೊರಚಾಚಿರುವಂತೆ ಇಟ್ಟು, ಅದು ಅಲುಗದಂತೆ ಮೇಲೆ ಭಾರವಾದ ಪುಸ್ತಕಗಳನ್ನು ಹೇರಿ, ಚಾಚಿದ ತುದಿಗೆ ದಾರವನ್ನು ಬಿಗಿಯಬೇಕು. ದಾರದ ಕೆಳತುದಿಗೆ ನಟ್ಟನ್ನು ಕಟ್ಟಿ, ಮೇಲಿನ ಗಂಟಿನಿಂದ ನಟ್ಟಿನ ನಡುಭಾಗದವರೆಗೆ ಸರಿಯಾಗಿ 25 ಸೆಂ.ಮೀ. ಬರುವಂತೆ ಹೊಂದಿಸಬೇಕು. ಮುಂದೆ ಒಂದು ಮೀಟರ್ ಉದ್ದದ ಲೋಲಕವೂ ಬೇಕಾಗುತ್ತದೆ. ಅದಕ್ಕೆ ಮೇಜಿನ ಎತ್ತರ ಸಾಲುವುದಿಲ್ಲವಾದ್ದರಿಂದ ಬಾಗಿಲ ಚೌಕಟ್ಟಿನ ಮೇಲುಭಾಗವನ್ನು ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ತೂಗಿಸುವುದಕ್ಕೆ ಮುಂಚೆ ಪ್ರತಿಯೊಂದು ಮಗುವೂ ತನ್ನ ಊಹೆಯನ್ನು ಪುಸ್ತಕದಲ್ಲಿ ಬರೆಯಬೇಕು. ಭಾರ ಹೆಚ್ಚಿಸಿದರೆ ಲೋಲಕ ಬೇಗ ತೂಗುತ್ತದೆಯೇ, ನಿಧಾನವಾಗಿ ತೂಗುತ್ತದೆಯೇ, ಮೊದಲಿನಂತೆಯೇ ಇರುತ್ತದೆಯೇ? ದಾರದ ಉದ್ದವನ್ನು ನಾಲ್ಕು ಪಟ್ಟು ಮಾಡಿದರೆ ಸಮಯವೂ ನಾಲ್ಕು ಪಟ್ಟಾಗುತ್ತದೆಯೇ? ಊಹೆಯನ್ನು ಬಾಯಲ್ಲಿ ಹೇಳಿಸಿದರೆ ಸಾಲದು. ಉತ್ತರ ಕಂಡ ಮೇಲೆ ‘ನಾನೂ ಅದನ್ನೇ ಅಂದಿದ್ದೆ’ ಎನ್ನದ ಮಗುವನ್ನು ನಾನು ಇನ್ನೂ ನೋಡಿಲ್ಲ. ದೊಡ್ಡವರಲ್ಲೂ ಅಂಥವರು ಅಪರೂಪ.

ಒಂದೇ ಒಂದು ತೂಗಾಟದ ಸಮಯವನ್ನು ಅಳೆಯಲು ಹೋಗಬಾರದು. ಗುಂಡಿ ಒತ್ತುವ ಬೆರಳು ಕಣ್ಣಿಗಿಂತ ಸುಮಾರು 0.2 ಸೆಕೆಂಡ್ ಹಿಂದೆ ಬೀಳುತ್ತದೆ; ಹೋಗಿ ಮರಳಿ ಬರುವ ಹತ್ತು ತೂಗಾಟಗಳನ್ನು ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿದರೆ ಆ ತಪ್ಪು 0.02 ಸೆಕೆಂಡಿಗೆ ಇಳಿಯುತ್ತದೆ. ನಟ್ಟನ್ನು ಬಿಡುವಾಗ ‘ಸೊನ್ನೆ’ ಎಂದೇ ಎಣಿಕೆ ಶುರುವಾಗಬೇಕು. ಬಿಡುವಾಗಲೇ ‘ಒಂದು’ ಎಂದುಬಿಟ್ಟರೆ ಹತ್ತು ಎಣಿಸುವಷ್ಟರಲ್ಲಿ ಆಗಿರುವುದು ಒಂಬತ್ತೇ ತೂಗಾಟ, ಮತ್ತು ಈ ತಪ್ಪು ಪ್ರತಿ ಗುಂಪಿನಲ್ಲೂ ಒಮ್ಮೆಯಾದರೂ ನಡೆದೇ ನಡೆಯುತ್ತದೆ. ಒಬ್ಬರು ತೂಗಿಸಲಿ, ಒಬ್ಬರು ಸಮಯ ನೋಡಲಿ, ಒಬ್ಬರು ಬರೆಯಲಿ. ಪ್ರತಿ ಸುತ್ತಿಗೂ ಕೆಲಸಗಳು ಕೈ ಬದಲಾಗಲಿ. ಇಲ್ಲದಿದ್ದರೆ ಅಕ್ಷರ ದುಂಡಾಗಿರುವ ಮಗುವಿನ ಪಾಲಿಗೆ ಕೊನೆಯವರೆಗೂ ಬರೆಯುವ ಕೆಲಸವೇ ಉಳಿಯುತ್ತದೆ.

25 ಸೆಂ.ಮೀ. ಲೋಲಕಕ್ಕೆ ಹತ್ತು ತೂಗಾಟಗಳಿಗೆ ಸುಮಾರು 10 ಸೆಕೆಂಡ್, ಒಂದು ಮೀಟರಿನದಕ್ಕೆ ಸುಮಾರು 20 ಸೆಕೆಂಡ್ ಹಿಡಿಯುತ್ತದೆ. ಉದ್ದ ನಾಲ್ಕು ಪಟ್ಟಾದರೂ ಸಮಯ ಎರಡೇ ಪಟ್ಟಾಯಿತಲ್ಲ ಎಂದು ಮಕ್ಕಳು ಹುಬ್ಬೇರಿಸುವುದು ಇಲ್ಲಿ. ವರ್ಗಮೂಲದ ಮಾತನ್ನು ಆಗಲೇ ಎತ್ತುವ ಅವಸರ ಬೇಡ. ಮೊದಲು ಅವರೇ ಇನ್ನೆರಡು ಉದ್ದಗಳಿಗೆ ಸಮಯವನ್ನು ಊಹಿಸಿ, ಅಳೆದು ನೋಡಲಿ.

ಭಾರದ ಪರೀಕ್ಷೆಯಲ್ಲಿ ಒಂದು ಗುಂಡಿಯಿದೆ, ಅದರಲ್ಲಿ ನಾನೇ ಬಿದ್ದಿದ್ದೇನೆ. ಒಂದು ಗುಂಪಿನ ಮಕ್ಕಳು ಮೂರು ನಟ್ಟುಗಳನ್ನು ಒಂದರ ಕೆಳಗೊಂದು ಪೋಣಿಸಿ ತೂಗಿಸಿದರು. ಹತ್ತು ತೂಗಾಟಗಳ ಸಮಯ ಅರ್ಧ ಸೆಕೆಂಡಿಗಿಂತ ಹೆಚ್ಚು ಏರಿತು, ಮತ್ತು ‘ಭಾರ ಹೆಚ್ಚಾದರೆ ಲೋಲಕ ನಿಧಾನವಾಗುತ್ತದೆ’ ಎಂದು ಅವರು ಅಚ್ಚುಕಟ್ಟಾಗಿ ಬರೆದಿಟ್ಟರು. ಪುಸ್ತಕದಲ್ಲಿ ಹಾಗಿಲ್ಲ ಎಂದು ನಾನು ಅವರ ಅಳತೆಯನ್ನೇ ಅನುಮಾನಿಸಿ ಮೂರು ಸಲ ಮಾಡಿಸಿದೆ. ಮೂರು ಸಲವೂ ಅದೇ ಉತ್ತರ. ಅಳತೆ ಸರಿಯಾಗಿಯೇ ಇತ್ತು. ಮೂರು ಸೆಂ.ಮೀ. ಅಂತರದಲ್ಲಿ ತೂಗುಬಿದ್ದ ನಟ್ಟುಗಳಿಂದಾಗಿ ಭಾರದ ನಡುಬಿಂದು ಕೆಳಗಿಳಿದು, ಲೋಲಕದ ಉದ್ದವೇ ಸುಮಾರು 28 ಸೆಂ.ಮೀ. ಆಗಿಬಿಟ್ಟಿತ್ತು. ಎಲ್ಲ ನಟ್ಟುಗಳನ್ನೂ ಒಂದೇ ಗಂಟಿನಲ್ಲಿ ಅಕ್ಕಪಕ್ಕ ಕಟ್ಟಿದಾಗ ಸಮಯ ಮತ್ತೆ ಹತ್ತು ಸೆಕೆಂಡಿಗೆ ಬಂತು. ಈಗ ನಾನು ಮಕ್ಕಳನ್ನು ಬೇಕೆಂದೇ ಈ ತಪ್ಪಿನೊಳಗೆ ಹೋಗಲು ಬಿಡುತ್ತೇನೆ, ಏಕೆಂದರೆ ‘ಒಂದನ್ನು ಬದಲಿಸುವಾಗ ಬೇರೆ ಯಾವುದೂ ಬದಲಾಗಬಾರದು’ ಎಂಬ ನಿಯಮವನ್ನು ಇಷ್ಟು ಚೆನ್ನಾಗಿ ಕಲಿಸುವ ಇನ್ನೊಂದು ಸಂದರ್ಭ ನನಗೆ ಸಿಕ್ಕಿಲ್ಲ.

ಅದೇ ಲೋಲಕ, ಪರದೆಯ ಮೇಲೆ

ಇಷ್ಟಾದ ಮೇಲೆ ಪರದೆ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಆವರಣದಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ ಸಿಮ್ಯುಲೇಷನ್‌ಗಳು ಬ್ರೌಸರಿನಲ್ಲೇ ಉಚಿತವಾಗಿ ನಡೆಯುತ್ತವೆ. ಅದರ ‘ಪೆಂಡುಲಮ್ ಲ್ಯಾಬ್’ನಲ್ಲಿ ಮೊದಲು ಮಾಡಿಸಬೇಕಾದದ್ದು ಮಕ್ಕಳು ಕೈಯಲ್ಲಿ ಮಾಡಿದ್ದನ್ನೇ: ಉದ್ದ 0.25 ಮೀಟರ್, ಗುರುತ್ವ ಭೂಮಿಯದು, ಸಮಯ ಎಷ್ಟು? ತಮ್ಮ ಪುಸ್ತಕದ ಅಂಕಿಯೇ ಪರದೆಯ ಮೇಲೂ ಕಂಡಾಗ ಆ ಸಿಮ್ಯುಲೇಷನ್ ಅವರಿಗೆ ಬರೀ ಆಟವಾಗಿ ಉಳಿಯುವುದಿಲ್ಲ, ನಂಬಬಹುದಾದ ಒಂದು ಉಪಕರಣವಾಗುತ್ತದೆ.

ಆಮೇಲೆ ಕೈಗೆ ಎಟುಕದ ಕಡೆಗೆ ಹೋಗಬೇಕು. ಗುರುತ್ವವನ್ನು ಚಂದ್ರನದಕ್ಕೆ ಬದಲಿಸಿದರೆ ಒಂದು ಮೀಟರ್ ಲೋಲಕದ ಹತ್ತು ತೂಗಾಟಗಳಿಗೆ ಸುಮಾರು 49 ಸೆಕೆಂಡ್ ಬೇಕಾಗುತ್ತದೆ. ಹೈಸ್ಕೂಲು ದಾಟಿದವರಿಗೆ ಅಲ್ಲೇ ‘ಪ್ಲಾನೆಟ್ ಎಕ್ಸ್’ ಎಂಬ ಹೆಸರಿಲ್ಲದ ಗ್ರಹವೊಂದಿದೆ. ಅದರ ಗುರುತ್ವವನ್ನು ಅವರೇ ಕಂಡುಹಿಡಿಯಬೇಕು. ಸಮಯದ ವರ್ಗವನ್ನು ಉದ್ದದ ಎದುರು ಗ್ರಾಫಿನಲ್ಲಿ ಗುರುತಿಸಿದರೆ ನೇರ ಗೆರೆ ಬರುತ್ತದೆ, ಮತ್ತು 39.5ನ್ನು (ಲೋಲಕದ ಸೂತ್ರದಲ್ಲಿ ಬರುವ 4π²ರ ಬೆಲೆ) ಆ ಗೆರೆಯ ಇಳಿಜಾರಿನಿಂದ ಭಾಗಿಸಿದರೆ ಗುರುತ್ವ ಸಿಗುತ್ತದೆ. ಭೂಮಿಯಲ್ಲಿ, ತಮ್ಮದೇ ದಾರದ ಅಳತೆಗಳಿಂದ, ಇಳಿಜಾರು ನಾಲ್ಕರ ಆಸುಪಾಸಿನಲ್ಲಿದ್ದು ಉತ್ತರ 9.8ರ ಹತ್ತಿರ ಬರುವುದನ್ನು ಮೊದಲು ನೋಡಿಕೊಂಡವರು ಆ ಗ್ರಹದ ಲೆಕ್ಕವನ್ನು ಯಾರ ಸಹಾಯವೂ ಇಲ್ಲದೆ ಮಾಡುತ್ತಾರೆ. ತೂಗಾಟದ ಕೋನಕ್ಕೂ ಸಮಯಕ್ಕೂ ಸಂಬಂಧವಿಲ್ಲ ಎಂಬ ಮಾತು ಕೂಡ ಸಣ್ಣ ಕೋನಗಳಿಗೆ ಮಾತ್ರ ಸರಿ. 60 ಡಿಗ್ರಿಯಿಂದ ಬಿಟ್ಟರೆ ಸಮಯ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಪರದೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಮತ್ತೆ ದಾರಕ್ಕೆ ಮರಳಲು ಒಂದು ಪ್ರಶ್ನೆ ಸಾಕು: ಪರದೆಯ ಲೋಲಕ ನಿಲ್ಲುವುದೇ ಇಲ್ಲ, ನಮ್ಮದು ಏಕೆ ನಿಲ್ಲುತ್ತದೆ? ನಟ್ಟಿನ ಬದಲಿಗೆ ಮುದ್ದೆ ಮಾಡಿದ ಕಾಗದವನ್ನು ಕಟ್ಟಿ, ತೂಗಾಟದ ಹರವು ಅರ್ಧಕ್ಕಿಳಿಯಲು ಎಷ್ಟು ತೂಗಾಟಗಳು ಬೇಕಾದವು ಎಂದು ಎರಡಕ್ಕೂ ಎಣಿಸಲಿ. ಆಮೇಲೆ ಸಿಮ್ಯುಲೇಷನ್ನಿನ ಘರ್ಷಣೆಯ ಗುಂಡಿಯನ್ನು ಸರಿಸುತ್ತ ತಮ್ಮ ಕಾಗದದ ಮುದ್ದೆಗೆ ಹೊಂದುವ ಜಾಗವನ್ನು ಹುಡುಕಲಿ. ಬರೆದಿಟ್ಟ ಸೂತ್ರದಲ್ಲಿ ಏನಿದೆಯೋ ಅದನ್ನು ಮಾತ್ರ ಸಿಮ್ಯುಲೇಷನ್ ತೋರಿಸಬಲ್ಲದು ಎಂಬುದು ದೊಡ್ಡ ಮಕ್ಕಳಿಗೆ ಈ ಹಂತದಲ್ಲಿ ತಾನಾಗಿಯೇ ಹೊಳೆಯುತ್ತದೆ.

ವಿದ್ಯುತ್ತು ಮತ್ತು ಬೆಂಕಿ

ವಿದ್ಯುತ್ ಮಂಡಲಗಳ ಪಾಠವನ್ನು ಪರದೆಯಿಂದಲೇ ಆರಂಭಿಸುವುದು ಮೇಲು, ಏಕೆಂದರೆ ಅಲ್ಲಿ ತಪ್ಪಿಗೆ ಪೆಟ್ಟಿಲ್ಲ. ಫೆಟ್‌ನ ‘ಸರ್ಕಿಟ್ ಕನ್‌ಸ್ಟ್ರಕ್ಷನ್ ಕಿಟ್’ನಲ್ಲಿ ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಜೋಡಿಸಿದರೆ ಅದಕ್ಕೆ ಬೆಂಕಿ ಹತ್ತಿಕೊಂಡಂತೆ ಕಾಣುತ್ತದೆ. ಮಕ್ಕಳು ಅದನ್ನು ಮನಸಾರೆ ಹತ್ತು ಸಲ ಸುಟ್ಟು ನೋಡಲಿ. ಆಮೇಲೆ ಕೈಗೆ 1.5 ವೋಲ್ಟಿನ ಎರಡು ಸಾಮಾನ್ಯ ಸೆಲ್ಲುಗಳು, ಮೂರು ಟಾರ್ಚ್ ಬಲ್ಬುಗಳು ಮತ್ತು ತಂತಿಗಳನ್ನು ಕೊಡಬೇಕು. ಗೋಡೆಯ ಪ್ಲಗ್ಗು, ಫೋನಿನ ಬ್ಯಾಟರಿ ಮತ್ತು ಪವರ್‌ಬ್ಯಾಂಕ್ ಈ ಕೆಲಸಕ್ಕೆ ಎಂದಿಗೂ ಕೂಡದು. ಗುಂಡಿಯಾಕಾರದ ಚಿಕ್ಕ ಸೆಲ್ಲುಗಳನ್ನಂತೂ ಸಣ್ಣ ಮಕ್ಕಳಿರುವ ಕೋಣೆಗೇ ತರಬಾರದು. ನುಂಗಿದರೆ ಅವು ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲವು.

ಪರದೆಯಲ್ಲಿ ಬಲ್ಬುಗಳನ್ನು ಸಮಾಂತರವಾಗಿ, ಅಂದರೆ ಪ್ರತಿಯೊಂದೂ ಬ್ಯಾಟರಿಯ ಎರಡು ತುದಿಗಳಿಗೆ ನೇರವಾಗಿ ಸೇರುವಂತೆ, ಒಂದೊಂದೇ ಸೇರಿಸಿದರೆ ಯಾವುದರ ಬೆಳಕೂ ಕುಂದುವುದಿಲ್ಲ. ನಿಜವಾದ ಸೆಲ್ಲುಗಳಲ್ಲಿ, ಅದರಲ್ಲೂ ಸ್ವಲ್ಪ ಹಳೆಯವಾಗಿದ್ದರೆ, ಮೂರನೆಯ ಬಲ್ಬು ಹತ್ತಿದ ಕೂಡಲೇ ಮೊದಲೆರಡೂ ಮಂಕಾಗುತ್ತವೆ. ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಕೇಳಿದರೆ ಚರ್ಚೆ ಕಾವೇರುತ್ತದೆ. ಸೆಲ್ಲಿನೊಳಗೂ ಒಂದು ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ತಡೆ, ಇದೆ ಎಂಬುದೇ ಉತ್ತರ. ಸಿಮ್ಯುಲೇಷನ್ನಿನಲ್ಲಿ ಬ್ಯಾಟರಿಗೂ ರೋಧ ಕೊಡುವ ಆಯ್ಕೆಯಿದೆ, ಅದನ್ನು ಹೆಚ್ಚಿಸಿದರೆ ಪರದೆಯ ಬಲ್ಬುಗಳೂ ಮಂಕಾಗುತ್ತವೆ. ಎಲ್‌ಇಡಿ ಬಳಸುವುದಾದರೆ ಉದ್ದನೆಯ ಕಾಲು ಧನ ತುದಿಗೆ ಹೋಗಬೇಕು, ಜೊತೆಗೆ 100 ಓಮ್‌ನ ರೋಧಕವಿರಬೇಕು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕಾದ್ದರಿಂದ ಒಂದೇ ಸೆಲ್ಲಿಗೆ ಅದು ಹತ್ತುವುದಿಲ್ಲ. ಅದು ಕೆಟ್ಟಿದೆಯೆಂದು ಎಸೆಯಬೇಡಿ.

ಮೇಣದಬತ್ತಿಯ ಪ್ರಯೋಗಕ್ಕೆ ಪರದೆಯೇ ಬೇಡ. ತಟ್ಟೆಯಲ್ಲಿ ಸ್ವಲ್ಪ ನೀರು, ನಡುವೆ ಉರಿಯುವ ಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಗಾಳಿಯಲ್ಲಿದ್ದ ಶೇ. 21 ಆಮ್ಲಜನಕ ಖರ್ಚಾಗಿ ಆ ಜಾಗಕ್ಕೆ ನೀರು ಬಂತು ಎಂಬ ವಿವರಣೆ ಎಷ್ಟು ಹಬ್ಬಿದೆಯೆಂದರೆ ಕಲಿಸುವವರೂ ಅದನ್ನೇ ಒಪ್ಪಿಸುತ್ತಾರೆ. ಅದನ್ನು ಮಕ್ಕಳೇ ಮುರಿಯುವಂತೆ ಮಾಡಬಹುದು. ಅದೇ ಲೋಟದಡಿ ಮೂರು ಬತ್ತಿಗಳನ್ನಿಟ್ಟರೆ ನೀರು ಇನ್ನೂ ಮೇಲೇರುತ್ತದೆ, ಆದರೆ ಲೋಟದಲ್ಲಿದ್ದ ಆಮ್ಲಜನಕ ಮೂರು ಪಟ್ಟಾಗಿಲ್ಲವಲ್ಲ! ಲೋಟವನ್ನು ಇಳಿಸುವಾಗ ಅಂಚಿನಿಂದ ಗುಳ್ಳೆಗಳು ಹೊರಬರುವುದನ್ನೂ, ಬತ್ತಿ ಆರಿದ ಮೇಲೆಯೇ ನೀರು ಸರಸರನೆ ಏರುವುದನ್ನೂ ಗಮನವಿಟ್ಟು ನೋಡಿದವರು, ಬಿಸಿಯಾಗಿ ಹಿಗ್ಗಿದ ಗಾಳಿ ಹೊರಗೆ ಹೋಗಿ, ಉಳಿದದ್ದು ತಣಿದು ಕುಗ್ಗಿತು ಎಂಬಲ್ಲಿಗೆ ತಾವೇ ಬರುತ್ತಾರೆ. ಕಡ್ಡಿ ಗೀರುವುದು ದೊಡ್ಡವರ ಕೆಲಸ. ಉದ್ದ ಕೂದಲನ್ನು ಹಿಂದೆ ಕಟ್ಟಿರಬೇಕು. ರಾಸಾಯನಿಕಗಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಬ್ಲೀಚನ್ನು ವಿನೆಗರಿನಂಥ ಆಮ್ಲದ ಜೊತೆಗಾಗಲಿ ಅಮೋನಿಯಾದ ಜೊತೆಗಾಗಲಿ ಯಾವ ಕಾರಣಕ್ಕೂ ಬೆರೆಸಬಾರದು, ಹೊರಬರುವ ಅನಿಲಗಳು ವಿಷ.

ಫೋನು, ನೆರಳು, ಚಂದ್ರ

ಹದಿಹರೆಯದವರ ಕೈಯಲ್ಲಿರುವ ಫೋನನ್ನು ಕಿತ್ತಿಡುವುದಕ್ಕಿಂತ ಅದನ್ನೇ ಮಾಪಕವಾಗಿಸುವುದು ಜಾಣತನ. ಜರ್ಮನಿಯ ಆಖೆನ್‌ನಲ್ಲಿರುವ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್‌ನಲ್ಲಿ, ಸದ್ದಿಗೆ ಶುರುವಾಗಿ ಸದ್ದಿಗೇ ನಿಲ್ಲುವ ಸ್ಟಾಪ್‌ವಾಚ್ ಇದೆ. ಇಬ್ಬರು 5 ಮೀಟರ್ ಅಂತರದಲ್ಲಿ ತಮ್ಮ ತಮ್ಮ ಫೋನಿನ ಪಕ್ಕದಲ್ಲಿ ನಿಲ್ಲಲಿ. ಮೊದಲನೆಯವರ ಚಪ್ಪಾಳೆಗೆ ಎರಡೂ ಫೋನುಗಳು ಶುರುವಾಗುತ್ತವೆ, ಎರಡನೆಯವರ ಚಪ್ಪಾಳೆಗೆ ಎರಡೂ ನಿಲ್ಲುತ್ತವೆ. ಎರಡು ಫೋನುಗಳ ಸಮಯದಲ್ಲಿ ಸುಮಾರು 0.029 ಸೆಕೆಂಡ್ ವ್ಯತ್ಯಾಸವಿರುತ್ತದೆ. ಆ ವ್ಯತ್ಯಾಸದಲ್ಲಿ ಶಬ್ದ ಹೋಗಿ ಬರುವ 10 ಮೀಟರ್ ದೂರ ಅಡಗಿದೆ. 10ನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 343 ಮೀಟರಿನ ಹತ್ತಿರ ಬರಬೇಕು. ಗದ್ದಲವಿರುವ ಕೋಣೆಯಲ್ಲಿ ಇದು ನಡೆಯುವುದಿಲ್ಲ.

ಏಳೆಂಟು ವರ್ಷದೊಳಗಿನವರಿಗೆ ಪರದೆಯ ಅಗತ್ಯವೇ ನನಗೆ ಕಾಣುವುದಿಲ್ಲ. ಬಿಸಿಲಿನಲ್ಲಿ ಒಂದು ಕೋಲು ನೆಟ್ಟು, ಗಂಟೆಗೊಮ್ಮೆ ಅದರ ನೆರಳಿನ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕಿಸಿದರೆ ಅವರ ದಿನ ತುಂಬುತ್ತದೆ. ಸೂರ್ಯನನ್ನು ನೇರವಾಗಿ ನೋಡಬಾರದೆಂದು ಮಾತ್ರ ಮೊದಲೇ ಹೇಳಿರಬೇಕು.

ಅವರಿಗಿಂತ ದೊಡ್ಡವರು ಚಂದ್ರನನ್ನು ಹಿಡಿಯಲಿ. ಹಾಳೆಯಲ್ಲಿ ಹದಿನಾಲ್ಕು ಚೌಕಗಳನ್ನು ಹಾಕಿಕೊಂಡು, ಅಮಾವಾಸ್ಯೆ ಕಳೆದು ಸಂಜೆಯ ಆಕಾಶದಲ್ಲಿ ಚಂದ್ರ ಮೊದಲು ಕಂಡ ದಿನದಿಂದ, ಪ್ರತಿದಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನಿಂತು ಅದರ ಆಕಾರವನ್ನೂ ಯಾವ ಮರದ ಅಥವಾ ಕಟ್ಟಡದ ಮೇಲಿತ್ತು ಎಂಬುದನ್ನೂ ಬರೆಯಬೇಕು. ನಾಲ್ಕೈದು ದಿನಗಳಾದ ಮೇಲೆ ನಾಳೆ ಎಲ್ಲಿರುತ್ತದೆ ಎಂಬ ಊಹೆಯನ್ನು ಪೆನ್ಸಿಲಿನಲ್ಲಿ ಗುರುತಿಸಲಿ. ಹದಿನಾಲ್ಕನೆಯ ದಿನ ಕಳೆದ ಬಳಿಕ ಮಾತ್ರ ‘ಸ್ಟೆಲ್ಲೇರಿಯಮ್’ ಎಂಬ ಉಚಿತ ತಾರಾಲಯ ತಂತ್ರಾಂಶವನ್ನು ತೆರೆದು, ಸಮಯವನ್ನು ಹಿಂದಕ್ಕೆ ಓಡಿಸಿ, ಒಂದೊಂದು ಚೌಕವನ್ನೂ ಹೋಲಿಸಬೇಕು. ಚಂದ್ರೋದಯವು ದಿನಕ್ಕೆ ಸರಾಸರಿ 50 ನಿಮಿಷ ತಡವಾಗುವುದು ಅಲ್ಲಿ ಕ್ಷಣದಲ್ಲಿ ಕಾಣುತ್ತದೆ. ಮೋಡ ಕವಿದ ದಿನದ ಚೌಕವನ್ನು ಪರದೆ ನೋಡಿ ತುಂಬಲು ಬಿಡಬೇಡಿ. ಅದು ಖಾಲಿಯಾಗಿಯೇ ಇರಲಿ, ಒಳಗೆ ‘ಮೋಡ’ ಎಂದು ಬರೆದರೆ ಸಾಕು.