ವಿಷಯದ ಸಾಲಿನಿಂದ ಸೈಕಲ್ ತೆಗೆದೆ, ದುಡ್ಡು ಬಂತು

ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ಧೋ ಅಂತ ಮಳೆ. ಪ್ರೌಢಶಾಲೆ ರಸ್ತೆಯಲ್ಲಿ ಹುಡುಗರು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಕೊಡೆ ಹಿಡಿದು ಚರಂಡಿ ಸ್ಲ್ಯಾಬಿನ ಮೇಲೆ ಸಾಲಾಗಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. ಪಕ್ಕದಲ್ಲೇ ಜಲ್ಲಿ ಲಾರಿ ಹಾದುಹೋಯಿತು, ಒಬ್ಬನೂ ಬೆದರಿ ಕೆಳಗೆ ಇಳಿಯಲಿಲ್ಲ. ನನ್ನ ಅಂಗಡಿ ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ, ಊರಿನ ಸ್ಥಳೀಯ ಸಂಸ್ಥೆಯ ಮಾಜಿ ಸದಸ್ಯರೊಬ್ಬರು, "ಆಯ್ತಲ್ಲ ಮಾರಾಯ ನಿಂದು" ಅಂದರು. 2019ರಲ್ಲಿ ಇದೇ ಪುಣ್ಯಾತ್ಮರು "ಸೈಕಲ್ ಹೊಡೆಯೋರು ಯಾರಿದಾರೆ ಈಗ, ಎಲ್ಲರ ಮನೇಲೂ ಸ್ಕೂಟಿ" ಅಂತ ಸೈಕಲ್ ಪಥ ಕೇಳಿದ ನನ್ನ ಅರ್ಜಿಯನ್ನೇ ಮಡಿಸಿ ಗಾಳಿ ಬೀಸಿಕೊಂಡಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಎಂಜಿನಿಯರ್ ಅಲ್ಲ. ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟವನು. ಊರಿನ ಹೆಸರು ಬೇಡ, ಇನ್ನೂ ಎರಡು ಕಡತ ಬಾಕಿ ಇವೆ. ಇಪ್ಪತ್ತು ವರ್ಷದಿಂದ ಊರವರ ಅರ್ಜಿ, ಅಫಿಡವಿಟ್ಟು, ತಕರಾರು ಎಲ್ಲ ಟೈಪ್ ಮಾಡಿ ಮಾಡಿ ಯಾವ ಸಾಲು ನೋಡಿದರೆ ಗುಮಾಸ್ತರ ಕೈ ನಿಲ್ಲುತ್ತದೆ, ಯಾವ ಸಾಲಿಗೆ ಕಡತ ಕೆಳಗೆ ಹೋಗುತ್ತದೆ ಅನ್ನುವುದು ಗೊತ್ತು. ಆ ವಿದ್ಯೆ ನನ್ನ ಸ್ವಂತ ಅರ್ಜಿಗೆ ಉಪಯೋಗಕ್ಕೆ ಬರಲು ಮಾತ್ರ ನಾಲ್ಕು ವರ್ಷ ಹಿಡಿಯಿತು.

ಮೊದಲ ಪ್ರಯತ್ನ ನೆನೆಸಿಕೊಂಡರೆ ಈಗಲೂ ನಾಚಿಕೆ. ಶಿವಮೊಗ್ಗದಲ್ಲಿ ಬಿ.ಇ. ಓದುತ್ತಿದ್ದ ನನ್ನ ಅಕ್ಕನ ಮಗ, ಅವನ ಇಬ್ಬರು ಗೆಳೆಯರು ಸೇರಿ ಅರವತ್ತು ಪುಟದ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಮಾಡಿದರು. ಎರಡು ಕಿಲೋಮೀಟರ್ ಸೈಕಲ್ ಪಥ, ಕೆಂಪು ಬಣ್ಣ, ದೀಪ, ಗಿಡ, ಒಟ್ಟು 1.8 ಕೋಟಿ. ಕಲರ್ ಪ್ರಿಂಟ್, ಸ್ಪೈರಲ್ ಬೈಂಡಿಂಗ್, ನಾಲ್ಕು ಪ್ರತಿ. ನನ್ನದೇ ಅಂಗಡಿ ಆದರೂ ಇಂಕಿಗೇ ಐದಾರು ಸಾವಿರ ಹೋಯಿತು. ಎಂಟು ತಿಂಗಳಾದ ಮೇಲೆ ಒಂದೇ ಸಾಲಿನ ಹಿಂಬರಹ: ಸದರಿ ರಸ್ತೆಯು ಲೋಕೋಪಯೋಗಿ ಇಲಾಖೆಗೆ ಸೇರಿದ್ದಾಗಿರುತ್ತದೆ. ಅದೂ ಪೂರ್ತಿ ಸತ್ಯವಲ್ಲ. ಬಸ್ ನಿಲ್ದಾಣದ ಕಡೆಯ ಸುಮಾರು 300 ಮೀಟರ್ ಅವರದು, ಉಳಿದದ್ದೆಲ್ಲ ಊರಿನದು. ಆದರೆ ತಪ್ಪು ನಮ್ಮದೇ, ರಸ್ತೆಯ ಯಜಮಾನ ಯಾರು ಅಂತ ಕೇಳದೆ ಗಿಡದ ಚಿತ್ರ ಬರೆದುಕೊಂಡು ಕೂತಿದ್ದೆವು. ಶಿವಮೊಗ್ಗದ ಗೆಳೆಯರಿಗೂ ಇದನ್ನೇ ಹೇಳುತ್ತಿರುತ್ತೇನೆ. ಬಿ.ಎಚ್. ರಸ್ತೆ ನಿಮ್ಮ ಮನೆ ಮುಂದೆ ಇರಬಹುದು, ಅದು ಹಳೆಯ 206, ಈಗಿನ 69ನೇ ರಾಷ್ಟ್ರೀಯ ಹೆದ್ದಾರಿಯ ದಾರಿ. ಅರ್ಜಿ ಬರೆಯುವ ಮೊದಲು ಯಾವ ತುಂಡು ಯಾರ ಸುಪರ್ದಿನಲ್ಲಿದೆ ಅನ್ನುವುದು ಬರವಣಿಗೆಯಲ್ಲಿ ಕೈಗೆ ಬರಲಿ.

2020ರಲ್ಲಿ ಕೇಂದ್ರದವರು ಸ್ಮಾರ್ಟ್ ಸಿಟಿ ಅಭಿಯಾನದ ಅಡಿ ಸೈಕಲ್ಸ್ ಫಾರ್ ಚೇಂಜ್ ಸ್ಪರ್ಧೆ ತಂದಾಗ ಕುಣಿದಾಡಿಬಿಟ್ಟೆ. ನಿಯಮ ಓದಿದರೆ ಸ್ಮಾರ್ಟ್ ಸಿಟಿ ಆಗಿರಬೇಕು, ಇಲ್ಲವೇ ರಾಜಧಾನಿ, ಇಲ್ಲವೇ ಐದು ಲಕ್ಷದ ಮೇಲೆ ಜನಸಂಖ್ಯೆ. ನಮ್ಮೂರಿನ ದನಕರು ಸೇರಿಸಿದರೂ ಅಷ್ಟಾಗುವುದಿಲ್ಲ. ದುಡ್ಡು ಸಿಗದಿದ್ದರೂ ಒಂದು ಬುದ್ಧಿ ಸಿಕ್ಕಿತು. ಮೊದಲು ಎಣಿಸು, ಆಮೇಲೆ ಕೇಳು.

ರಸ್ತೆಯ ಸೈಕಲ್ ಎಣಿಕೆಗೆ ಒಂದು ಪೈಸೆ ಖರ್ಚಾಗಲಿಲ್ಲ. ಪ್ರೌಢಶಾಲೆಯ ಗಣಿತದ ಮೇಷ್ಟ್ರು ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠಕ್ಕೆ ಇದನ್ನೇ ಪ್ರಾಜೆಕ್ಟ್ ಕೊಟ್ಟರು. ಮೂರು ದಿನ, ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಐದೂವರೆ. ನವೆಂಬರಿನಲ್ಲಿ ದಿನಕ್ಕೆ ಸರಾಸರಿ ನಾನೂರರ ಮೇಲೆ ಬಂತು, 410 ಇರಬೇಕು. ಮುಕ್ಕಾಲು ಪಾಲು ಮಕ್ಕಳು. ಉಳಿದವರು ಹಾಲಿನವರು, ಪೇಪರಿನವರು, ಹೋಟೆಲ್ ಹುಡುಗರು, ಅಡಿಕೆ ಸುಲಿಯಲು ಹೋಗುವ ಹೆಂಗಸರು. ಎಂಟನೇ ತರಗತಿಯವರಿಗೆ 2006-07ರಿಂದ ಸರ್ಕಾರ ಕೊಡುತ್ತಿದ್ದ ಸೈಕಲ್ ಕೊರೊನಾ ಹೊತ್ತಿಗೆ ನಿಂತುಹೋದರೂ ಅಣ್ಣನ ಸೈಕಲ್ ತಮ್ಮನಿಗೆ, ಅಕ್ಕನದು ತಂಗಿಗೆ ಅಂತ ಓಡುತ್ತಲೇ ಇದೆ. ಹಟಕ್ಕೆ ಬಿದ್ದು ಜುಲೈಯಲ್ಲೂ ಎಣಿಸಿದೆವು, 260ಕ್ಕೆ ಇಳಿದಿತ್ತು. ಈ ಎರಡನೇ ಸಂಖ್ಯೆಯನ್ನು ಅರ್ಜಿಯಲ್ಲಿ ಎಲ್ಲಿ ಇಟ್ಟೆ ಅನ್ನುವುದು ನನ್ನ ಗುಟ್ಟು, ಇರಲಿ.

ಇಷ್ಟಾದ ಮೇಲೂ ದುಡ್ಡು ಬರಲಿಲ್ಲ. ವಿಷಯದ ಸಾಲಿನಲ್ಲಿ "ಸೈಕಲ್ ಪಥ ನಿರ್ಮಿಸುವ ಬಗ್ಗೆ" ಅಂತ ಇರುವವರೆಗೂ ಕಡತ ಟೇಬಲ್ಲಿಂದ ಟೇಬಲ್ಲಿಗೆ ಪ್ರವಾಸ ಹೊರಡುತ್ತಿತ್ತು. ಸೈಕಲ್ ಪಥ ಅನ್ನುವ ಲೆಕ್ಕಶೀರ್ಷಿಕೆಯೇ ನಮ್ಮಂಥ ಊರಿನ ಬಜೆಟ್ಟಿನಲ್ಲಿ ಇಲ್ಲವಲ್ಲ, ಅವರಾದರೂ ಎಲ್ಲಿ ಹಾಕಬೇಕು? ಒಂದು ರಾತ್ರಿ ಅಂಗಡಿ ಬಾಗಿಲು ಹಾಕಿ ಕೂತು ಹೊಸದಾಗಿ ಟೈಪ್ ಮಾಡಿದೆ. ವಿಷಯ: ಪ್ರೌಢಶಾಲೆ ರಸ್ತೆಯ ತೆರೆದ ಚರಂಡಿಗೆ ಆರ್‌ಸಿಸಿ ಸ್ಲ್ಯಾಬ್ ಅಳವಡಿಸುವ ಬಗ್ಗೆ. ಸೈಕಲ್ ಅನ್ನುವುದು ಮೂರನೇ ಪ್ಯಾರಾದಲ್ಲಿ ಒಂದೇ ಸಲ, ಎಣಿಕೆಯ ಜೊತೆಗೆ ಬಂತು. ನಮ್ಮ ಚರಂಡಿಯ ಅಗಲ ಮೂರೂವರೆ ಅಡಿ, ಪಕ್ಕದ ಮಣ್ಣಿನ ಅಂಚು ಮೂರಡಿ. ಎರಡೂ ಸೇರಿದರೆ ಎರಡು ಮೀಟರ್. ಸೈಕಲ್ ಪಥಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ 11 ಹೇಳುವ ಅಗಲವೂ ಹೆಚ್ಚುಕಡಿಮೆ ಅದೇ. ಇದನ್ನು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ, ಅಂದಾಜು ಪಟ್ಟಿಯಲ್ಲಿ ಅಳತೆ ಮಾತ್ರ ಹಾಗೆ ಇತ್ತು. ಜೂನಿಯರ್ ಎಂಜಿನಿಯರ್ ಸಾಹೇಬರು ಚುರುಕಿನವರು, ನೋಡಿ ನಕ್ಕರು. "ಏನ್ರೀ ಇದು, ಚರಂಡಿನೋ ರಸ್ತೆನೋ" ಅಂದರು. "ಎರಡೂ ಸಾರ್" ಅಂದೆ. ಸಹಿ ಬಿತ್ತು.

ದುಡ್ಡಿನ ಮೂಲಕ್ಕೆ ಬರುತ್ತೇನೆ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ನಮ್ಮಂಥ ಊರಿಗೆ ಶೇ 60 ನೀರು, ನೈರ್ಮಲ್ಯಕ್ಕೆ ಕಟ್ಟುಬಿದ್ದಿತ್ತು. ಉಳಿದ ಶೇ 40 ಮುಕ್ತ, ಸಂಬಳಕ್ಕೆ ಬಳಸದೆ ಊರಿಗೆ ಬೇಕಾದ್ದಕ್ಕೆ ಹಾಕಬಹುದಿತ್ತು. ಆ ನಲವತ್ತರೊಳಗೆ ನಮ್ಮ ಸ್ಲ್ಯಾಬ್ ಎರಡು ಕಂತಿನಲ್ಲಿ ಸುಮಾರು 11 ಲಕ್ಷ ಕಂಡಿತು. ಶಾಸಕರ ನಿಧಿಯಿಂದ 8 ಲಕ್ಷ. ಅಲ್ಲಿಯೂ ಸೈಕಲ್ ಮಾತೆತ್ತಲಿಲ್ಲ, ಶಾಲೆ ಮಾತೆತ್ತಿದೆ. ಆದರೆ ನನಗೆ ಹೆಮ್ಮೆ ಇರುವುದು ಮೂರನೆಯದರ ಬಗ್ಗೆ. ಸ್ಥಳೀಯ ಸಂಸ್ಥೆಗಳು ಬೇರೆ ಬೇರೆ ವರ್ಗದವರಿಗೆ ಶೇ 24.10, ಶೇ 7.25, ಶೇ 5 ಅಂತ ಮೀಸಲಿಡುತ್ತವಲ್ಲ, ಆ ಶೇ 5 ಅಂಗವಿಕಲರ ಕಲ್ಯಾಣಕ್ಕೆ. ನಮ್ಮಲ್ಲಿ ಕೈಯಲ್ಲಿ ತುಳಿಯುವ ಮೂರು ಗಾಲಿಯ ಸೈಕಲ್ಲಿನಲ್ಲಿ ಪೇಪರ್ ಮಾರುವ ಒಬ್ಬರಿದ್ದಾರೆ. ಸ್ಲ್ಯಾಬ್ ಶುರುವಾಗುವಲ್ಲಿ, ಮುಗಿಯುವಲ್ಲಿ, ಅಡ್ಡರಸ್ತೆ ಬಂದಲ್ಲೆಲ್ಲ ಅವರಿಗೆ ರ‍್ಯಾಂಪ್ ಬೇಕು. ಹನ್ನೆರಡಡಿ ಉದ್ದಕ್ಕೆ ಒಂದಡಿ ಏರು. ಅವರ ಗಾಡಿ ಹತ್ತುವ ಕಡೆ ಶಾಲೆ ಮಗುವಿನ ಸೈಕಲ್ ಹತ್ತದೆ ಇರುತ್ತದೆಯೇ? ಹದಿನಾಲ್ಕು ರ‍್ಯಾಂಪ್, ಎರಡು ಲಕ್ಷ ಚಿಲ್ಲರೆ. ಅರ್ಜಿಗೆ ಅವರದೇ ಸಹಿ, ನಾನು ಟೈಪ್ ಮಾಡಿದ್ದಷ್ಟೇ.

ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ಸಿಎಸ್‌ಆರ್ ಹಣದ ಬೆನ್ನು ಹತ್ತಿ ಎರಡು ವರ್ಷ ಹಾಳಾಯಿತು. ನಮ್ಮ ಪುಟ್ಟ ಟ್ರಸ್ಟಿಗೆ ಆದಾಯ ತೆರಿಗೆಯ 12ಎ ನೋಂದಣಿ ಇತ್ತು, 80ಜಿ ಇರಲಿಲ್ಲ. ಆ ಹಣ ಪಡೆಯಲು ತುಂಬಬೇಕಾದ ಸಿಎಸ್‌ಆರ್-1 ನಮೂನೆ ಗೊತ್ತೇ ಇರಲಿಲ್ಲ. ಮೂರು ವರ್ಷದ ಅನುಭವ ತೋರಿಸಿ ಅಂದರು, ನಾವು ತೋರಿಸಿದ್ದು ಒಂದು ಸೈಕಲ್ ಜಾಥಾದ ಫೋಟೊ. ಬೆಂಗಳೂರಿಗೆ ಮೂರು ಸಲ ರಾತ್ರಿ ಬಸ್ಸು. ಒಂದು ಕಂಪನಿಯಲ್ಲಿ ಮಧ್ಯಾಹ್ನದವರೆಗೆ ಕೂರಿಸಿ ಬಿಸ್ಕತ್ತು ಕೊಟ್ಟು ಕಳಿಸಿದರು. ಕೊನೆಗೆ ಹೊಳೆಯಿತು, ದುಡ್ಡು ನಮ್ಮ ಖಾತೆಗೆ ಬರಲೇಬೇಕು ಅಂತ ಏನಿದೆ? "ನಮಗೆ ರೂಪಾಯಿ ಬೇಡ, ನೀವೇ ನಿಮ್ಮ ಗುತ್ತಿಗೆದಾರರಿಂದ ಶಾಲೆಗೆ ಸೈಕಲ್ ಸ್ಟ್ಯಾಂಡ್ ಕಟ್ಟಿಸಿಕೊಡಿ, ಶಿಕ್ಷಣದ ಬಾಬ್ತಿನಲ್ಲಿ ಬರೆದುಕೊಳ್ಳಿ" ಅಂತ ಇನ್ನೊಂದು ಕಂಪನಿಗೆ ಬರೆದೆ. ಕಂಪನಿ ನೇರವಾಗಿ ಮಾಡಿದರೆ ನಮ್ಮ ಟ್ರಸ್ಟಿನ ಕಾಗದದ ಗೋಜೇ ಇಲ್ಲ. ಐದು ತಿಂಗಳಲ್ಲಿ ತಗಡಿನ ಚಾವಣಿ, ಕಬ್ಬಿಣದ ಕಂಬ ಬಂತು, ನಾಲ್ಕೂಮುಕ್ಕಾಲು ಲಕ್ಷದ್ದು. ಮಳೆಯ ಎರಚಲಿಗೆ ಪಕ್ಕದ ಮರೆ ಅವರ ಡ್ರಾಯಿಂಗಿನಲ್ಲಿ ಇರಲಿಲ್ಲ, ಅದನ್ನು ಹಳೆ ವಿದ್ಯಾರ್ಥಿಗಳಿಂದ ಎತ್ತಿದೆವು.

ಸ್ಟ್ಯಾಂಡಿನ ಮಾತು ಬಂತು. ಅದಕ್ಕೂ ಮೊದಲು ನಾನೇ ಅಡಿಕೆ ದಬ್ಬೆಯಲ್ಲಿ ಒಂದು ಮಾಡಿಸಿದ್ದೆ. ಎರಡು ದಬ್ಬೆಯ ನಡುವೆ ಗಾಲಿ ಸಿಗಿಸಿದರೆ ಸೈಕಲ್ ನಿಲ್ಲಬೇಕು. ಖರ್ಚು ಮೂರು ಸಾವಿರದೊಳಗೆ, ನೋಡಲು ಬಲು ಚಂದ. ಒಂದು ಮಳೆಗಾಲಕ್ಕೆ ಅಣಬೆ ಬಂತು, ಎರಡನೆಯದಕ್ಕೆ ಒರಲೆ ತಿಂದು ಮುಗಿಸಿತು. ಕೆಂಪು ಪಟ್ಟೆ ಬಳಿಯುವ ಹುಚ್ಚೂ ಹಿಡಿದಿತ್ತು. ಸಾದಾ ಬಣ್ಣ ಆಷಾಢ ದಾಟಲಿಲ್ಲ. ಮರಳು ಬೆರೆಸಿ ಬಳಿದ ಕಡೆ ಸ್ವಲ್ಪ ತಾಳಿತು, ಆದರೆ ಬಣ್ಣ ಎದ್ದು ಮರಳು ಉಳಿದು ಇನ್ನಷ್ಟು ಜಾರಿಕೆ. ಹುಡುಗಿಯೊಬ್ಬಳು ಬಿದ್ದು ಮಂಡಿ ತರಚಿಕೊಂಡಳು, ಅವಳ ಅಪ್ಪ ಅಂಗಡಿಗೆ ಬಂದು ಬೈದು ಹೋದರು. ಅಲ್ಲಿಗೆ ಬಣ್ಣ ಬಿಟ್ಟೆ. ಈಗ ಕಾಂಕ್ರೀಟ್ ಹಸಿ ಇರುವಾಗಲೇ ಅಡ್ಡಡ್ಡ ಪೊರಕೆ ಎಳೆಸುತ್ತೇವೆ, ಗೀರು ಬೀಳುತ್ತದೆ, ಹಿಡಿತ ಇರುತ್ತದೆ. ಶ್ರಾವಣದ ಹೊತ್ತಿಗೆ ಪಾಚಿ ಕಟ್ಟುತ್ತದೆ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಬೇಕು. ಇದಕ್ಕೆ ಯಾವ ಯೋಜನೆಯಲ್ಲೂ ದುಡ್ಡಿಲ್ಲ, ಎನ್ಎಸ್ಎಸ್ ಹುಡುಗರು ಇದ್ದಾರೆ.

ದೊಡ್ಡ ಎಡವಟ್ಟು ಮೊದಲ ಕಂತಿನಲ್ಲೇ ಆಯಿತು. ಸುಮಾರು 200 ಮೀಟರ್ ಸ್ಲ್ಯಾಬನ್ನು ಒಂದಕ್ಕೊಂದು ಸಿಮೆಂಟಿನಲ್ಲಿ ಬೆಸೆದು ನುಣ್ಣಗೆ ಮಾಡಿಸಿದೆವು, ಗಾಲಿಗೆ ಹಿತವಾಗಲಿ ಅಂತ. ಜೂನಿನಲ್ಲಿ ತರಗೆಲೆ, ಪ್ಲಾಸ್ಟಿಕ್ಕು ಕಟ್ಟಿಕೊಂಡು ನೀರು ರಸ್ತೆಗೆ ನುಗ್ಗಿ ಎರಡು ಅಂಗಡಿಯೊಳಗೆ ಹೋಯಿತು. ಹೂಳು ತೆಗೆಯಲು ಬಂದ ಪೌರಕಾರ್ಮಿಕರು "ಎಲ್ಲಿ ಎತ್ತಬೇಕು ಹೇಳಣ್ಣ" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾರೆ ಹಾಕಿ ಮೂರು ಕಡೆ ಒಡೆದರು. ಆಮೇಲಿನ ಕಂತಿನಿಂದ ಪ್ರತಿ ಮೂವತ್ತು ಅಡಿಗೆ ಒಂದು ಕೊಕ್ಕೆ ಇರುವ ಸ್ಲ್ಯಾಬ್, ಇಬ್ಬರು ಎತ್ತುವಷ್ಟು ತೂಕದ್ದು. ಮನೆ ಗೇಟುಗಳ ಮುಂದೆ ಕಾರು ಹತ್ತುತ್ತದೆ, ಅಲ್ಲಿ ನಾಲ್ಕಿಂಚು ದಪ್ಪ ಸಾಲದು, ಆರಿಂಚು ಮಾಡಿಸಿದೆವು. ನೀರು ಇಳಿಯುವ ಜಾಲರಿಗಳು ಇನ್ನೊಂದು ಪೀಡೆ. ಸರಳು ರಸ್ತೆಯ ಉದ್ದಕ್ಕೇ ಇದ್ದರೆ ಸೈಕಲ್ ಗಾಲಿ ನೇರ ಒಳಗೆ. ಇಪ್ಪತ್ತು ಚಿಲ್ಲರೆ ಜಾಲರಿ ಕೀಳಿಸಿ, ವೆಲ್ಡಿಂಗಿನವರ ಹತ್ತಿರ ಅಡ್ಡ ತಿರುಗಿಸಿ ಹಾಕಿಸಿದೆ. ಒಂದಕ್ಕೆ 350 ರೂಪಾಯಿ, ನನ್ನ ಜೇಬಿನಿಂದ. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಲಾಭ ಇನ್ನೆಲ್ಲೂ ಕಾಣಲಿಲ್ಲ.

ಕಾಲದ ಬಗ್ಗೆ ಒಂದು ಮಾತು. ವರ್ಷದ ಕೆಲಸಗಳ ಪಟ್ಟಿ, ಅಂದರೆ ಕ್ರಿಯಾ ಯೋಜನೆ, ಆಗುವಾಗ ಎಲ್ಲರೂ ಮುತ್ತಿಕೊಳ್ಳುತ್ತಾರೆ, ಅಲ್ಲಿ ನಮ್ಮ ದನಿ ಕೇಳುವುದಿಲ್ಲ. ಟೆಂಡರು ಕಡಿಮೆ ದರಕ್ಕೆ ಹೋಗಿ ಉಳಿದ ಹಣ ಜನವರಿ, ಫೆಬ್ರವರಿಯಲ್ಲಿ ಹುಡುಕುವುದು ತಯಾರಾಗಿರುವ ಕೆಲಸವನ್ನು. ಸರ್ಕಾರಿ ದರಪಟ್ಟಿಯ (ಎಸ್‌ಆರ್) ಪ್ರಕಾರದ ಅಂದಾಜು ಪಟ್ಟಿ, ಅಳತೆ, ಫೋಟೊ, ರಸ್ತೆ ಯಾರದು ಅನ್ನುವ ಪತ್ರ ಎಲ್ಲ ಒಂದೇ ಫೈಲಿನಲ್ಲಿ ಇದ್ದವನಿಗೆ ಅದು ಸಿಗುತ್ತದೆ. ಉಳಿದಿರುವುದು ಎಷ್ಟು ಅಂತ ನನಗೆ ಹೇಗೆ ಮೊದಲೇ ತಿಳಿಯುತ್ತದೆ ಅಂದರೆ, ಜೆರಾಕ್ಸ್ ಅಂಗಡಿ ಇಟ್ಟು ನೋಡಿ, ಅಷ್ಟೇ ಹೇಳಬಲ್ಲೆ.

ಒಟ್ಟು ಲೆಕ್ಕ ಹಾಕಿದರೆ 840 ಮೀಟರ್ ಆಸುಪಾಸು, 27-28 ಲಕ್ಷ. ಮೊದಲಿನ 1.8 ಕೋಟಿಯ ಆರನೇ ಒಂದು ಭಾಗವೂ ಅಲ್ಲ. ನನ್ನ ಕೈಯಿಂದ ಹೋದದ್ದು ಬಸ್ಸು, ಟೀ, ಕಾಗದ, ಜಾಲರಿ ಸೇರಿ ಸುಮಾರು 38 ಸಾವಿರ. ಮನೆಯಲ್ಲಿ 20 ಅಂತ ಹೇಳಿದ್ದೇನೆ.

ಕಳೆದ ನವೆಂಬರಿನಲ್ಲಿ ಮತ್ತೆ ಎಣಿಸಿದಾಗ 520 ದಾಟಿತ್ತು. ಮಳೆಗಾಲದ್ದು ಅಷ್ಟು ಏರಿಲ್ಲ. ಸಂಜೆ ಆರರ ಮೇಲೆ ಬೀಡಾಡಿ ದನಗಳು ಬೆಚ್ಚಗಿರುವ ಸ್ಲ್ಯಾಬ್ ಹಿಡಿದು ಮಲಗುತ್ತವೆ, ಅವಕ್ಕೆ ಯಾವ ಅನುದಾನ ಅಂತ ಇನ್ನೂ ಹುಡುಕಿಲ್ಲ. ಲೋಕೋಪಯೋಗಿಯ 300 ಮೀಟರ್ ಹಾಗೇ ಇದೆ, ಅದಕ್ಕೆ ಬೇರೆ ವಿಷಯದ ಸಾಲು ಟೈಪ್ ಆಗಿದೆ, ಸದ್ಯಕ್ಕೆ ಓದಿ ಹೇಳುವುದಿಲ್ಲ. ಮೂರು ಗಾಲಿಯ ಪೇಪರಿನವರು ಮೊನ್ನೆ ಬಂದು ಏಳನೇ ರ‍್ಯಾಂಪ್ ಬಗ್ಗೆ ದೂರಿದರು. ಗೇಟಿನ ಯಜಮಾನರು ಜಾಗ ಬಿಡದೆ ಅದೊಂದು ಕಡಿದಾಗಿಹೋಗಿದೆ, ಎಂಟಡಿಗೇ ಒಂದಡಿ ಏರು. ಅವರು ಗಾಡಿ ಹಿಂದಕ್ಕೆ ಜಾರದ ಹಾಗೆ ಒಂದು ಕಲ್ಲು ಇಟ್ಟುಕೊಂಡಿದ್ದಾರಂತೆ. ಯಜಮಾನರ ಮಗಳ ಮದುವೆ ಪತ್ರಿಕೆ ನಮ್ಮಲ್ಲೇ ಪ್ರಿಂಟಿಗೆ ಬಂದಿದೆ, ನಾಳೆ ಪ್ರೂಫ್ ನೋಡಲು ಬರುತ್ತಾರೆ. ಆಗ ಕೇಳಬೇಕು.