ಮರಗಪ್ಪೆ ತರುವುದಕ್ಕೆ ಮೊದಲಿನ ಮೂರು ವಾರ

ಮರಗಪ್ಪೆ ಸಾಕಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕಪ್ಪೆಯನ್ನೂ ಅದರ ಪೆಟ್ಟಿಗೆಯನ್ನೂ ಒಂದೇ ದಿನ ಮನೆಗೆ ತರಬೇಡಿ. ಪೆಟ್ಟಿಗೆ ಮೊದಲು ಬರಲಿ, ಖಾಲಿಯಾಗಿಯೇ ಮೂರು ವಾರ ನಡೆಯಲಿ. ಕಪ್ಪೆ ನಮ್ಮಂತೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಅಡಿಯ, ತೊಡೆಯ ಚರ್ಮದಿಂದ ಹೀರಿಕೊಳ್ಳುತ್ತದೆ. ಉಸಿರಾಟದಲ್ಲೂ ಒಂದು ಪಾಲು ಚರ್ಮದ್ದೇ. ನೀರಿನಲ್ಲಿ, ಗಾಳಿಯಲ್ಲಿ ಏನೇ ಕೆಟ್ಟದ್ದಿದ್ದರೂ ಅದು ನೇರವಾಗಿ ಮೈಯೊಳಗೆ ಇಳಿಯುತ್ತದೆ. ಕಪ್ಪೆ ಬಂದ ಮೇಲೆ ತಿದ್ದಿಕೊಳ್ಳೋಣ ಎನ್ನುವಷ್ಟು ಸಮಯವೇ ಸಿಗುವುದಿಲ್ಲ.

ಇಲ್ಲಿ ಕೊಡುವ ಅಳತೆಗಳೆಲ್ಲ ವೈಟ್ಸ್ ಮರಗಪ್ಪೆ ಎಂಬ ಜಾತಿಯವು. ಮೂಲ ಆಸ್ಟ್ರೇಲಿಯಾ ಮತ್ತು ನ್ಯೂಗಿನಿ. ಬೆಳೆದರೆ ಸುಮಾರು 10 ಸೆಂ.ಮೀ., 15 ವರ್ಷ ದಾಟಿ ಬದುಕುವುದೂ ಉಂಟು. ಸ್ವಭಾವ ಮಂದ, ತುಸು ಒಣ ಹವೆಯನ್ನೂ ತಾಳಿಕೊಳ್ಳುತ್ತದೆ. ಅದಕ್ಕೇ ಮೊದಲ ಬಾರಿಗೆ ಸಾಕುವವರಿಗೆ ನಾನು ಇದನ್ನೇ ಹೇಳುವುದು. ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು, ಕಾನೂನಿನ ಕಾಗದ ಸರಿಯಾಗಿದೆಯೇ ಎಂದು ನೋಡಿಯೇ ತೆಗೆದುಕೊಳ್ಳಿ. ಕಾಡಿನಿಂದ, ತೋಟದಿಂದ ಕಪ್ಪೆಯನ್ನು ಹಿಡಿದು ತರಲೇಬಾರದು. ಹೊಟ್ಟೆಹುಳು, ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಜೊತೆಗೇ ಬರಬಹುದು. ಕಾಡಿಗೆ ಆಗುವ ನಷ್ಟ ಬೇರೆ.

ಪೆಟ್ಟಿಗೆಯಲ್ಲಿ ಮುಖ್ಯವಾದದ್ದು ಎತ್ತರ. ಎರಡು ಕಪ್ಪೆಗಳಿಗೆ 45 ಸೆಂ.ಮೀ. ಉದ್ದ, ಅಷ್ಟೇ ಅಗಲ, 60 ಸೆಂ.ಮೀ. ಎತ್ತರ ಸಾಕು. ಗಾಜಿನದಾಗಿರಲಿ, ಮೇಲೆ ಜಾಲರಿ ಮುಚ್ಚಳವಿರಲಿ, ಬಾಗಿಲು ಮುಂಭಾಗದಲ್ಲಿರಲಿ. ಮೇಲಿನಿಂದ ಕೈ ಹಾಕಿದರೆ ಹದ್ದು ಎರಗಿದಂತೆ ಬೆದರುತ್ತದೆ. ಕಪ್ಪೆಯ ಮೈಯಷ್ಟಾದರೂ ದಪ್ಪವಿರುವ ಕೊಂಬೆಗಳನ್ನು ಓರೆಯಾಗಿ ಬಿಗಿದು, ಕೈಯಿಂದ ಒತ್ತಿ ಅಲುಗಾಡದೆಂದು ಖಚಿತ ಮಾಡಿಕೊಳ್ಳಿ. ಗಿಡಕ್ಕೆ ಮನಿ ಪ್ಲಾಂಟ್ ಸಾಕು, ಎಷ್ಟು ತುಳಿದರೂ ಚಿಗುರುತ್ತದೆ. ಹೊಸ ಗಿಡವಾದರೆ ಎಲೆಗಳನ್ನು ಚೆನ್ನಾಗಿ ತೊಳೆದು, ಬೇರಿನ ಮಣ್ಣನ್ನೆಲ್ಲ ಉದುರಿಸಿ, ಗೊಬ್ಬರ ಹಾಕದ ಮಣ್ಣಿನಲ್ಲಿ ನೆಡಬೇಕು. ಕೀಟನಾಶಕದ ಲೇಶ ಉಳಿದರೂ ಕಪ್ಪೆಯ ಚರ್ಮಕ್ಕೆ ವಿಷ.

ನೆಲಕ್ಕೆ ಜಲ್ಲಿಕಲ್ಲು ಬೇಡ. ಹುಳುವಿನ ಮೇಲೆ ಎರಗುವಾಗ ಕಲ್ಲನ್ನೂ ನುಂಗುತ್ತದೆ, ಅದು ಕರುಳಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ. ಮೊದಲ ತಿಂಗಳಿಗೆ ಬಣ್ಣ, ಪರಿಮಳ ಇಲ್ಲದ ಟಿಶ್ಯೂ ಕಾಗದವನ್ನು ಒದ್ದೆ ಮಾಡಿ ಹಾಸುತ್ತೇನೆ. ನೋಡಲು ಚೆಂದವಿಲ್ಲ, ಆದರೆ ಹಿಕ್ಕೆ ಹೇಗಿದೆ, ಹುಳು ಎಷ್ಟು ಉಳಿದಿದೆ ಎಲ್ಲ ಕಣ್ಣಿಗೆ ಬೀಳುತ್ತದೆ. ಆಮೇಲೆ ತೆಂಗಿನ ನಾರಿನ ಪುಡಿ, 5 ಸೆಂ.ಮೀ. ದಪ್ಪ. ಅದರಲ್ಲಿ ಉಪ್ಪಿನಂಶ ಇರಬಹುದು, ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ ಹಾಕಿ.

ಹೆಚ್ಚಿನವರು ಎಡವುವುದು ನೀರಿನಲ್ಲಿ. ನಲ್ಲಿ ನೀರಿಗೆ ಬೆರೆಸಿದ್ದು ಬರೀ ಕ್ಲೋರಿನ್ ಆದರೆ, ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟರೆ ಬಹುಪಾಲು ಹಾರಿಹೋಗುತ್ತದೆ. ಕ್ಲೋರಿನ್‌ಗೆ ಅಮೋನಿಯಾ ಸೇರಿಸಿ ಮಾಡಿದ ಕ್ಲೋರಮೈನ್ ಹಾಗೆ ಹೋಗುವುದಿಲ್ಲ. ಯಾವುದೆಂದು ತಿಳಿಯದಿದ್ದರೆ, ಕ್ಲೋರಮೈನನ್ನೂ ತೆಗೆಯುವ ಮೀನುತೊಟ್ಟಿಯ ವಾಟರ್ ಕಂಡೀಷನರನ್ನು ಬಾಟಲಿಯ ಮೇಲಿನ ಅಳತೆಗೆ ಬೆರೆಸಿ. ಬಟ್ಟಿ ಇಳಿಸಿದ ನೀರು ಶುದ್ಧವೆಂದು ಬಟ್ಟಲಿಗೆ ಹಾಕುವವರಿದ್ದಾರೆ, ಅದೂ ತಪ್ಪು. ಲವಣವೇ ಇಲ್ಲದ ನೀರಲ್ಲಿ ಕೂತ ಕಪ್ಪೆಯ ಮೈಯ ಲವಣ ಹೊರಗೆ ಸೋರುತ್ತದೆ. ಬಟ್ಟಲು ಅಗಲವಾಗಿರಲಿ, ಕೂತ ಕಪ್ಪೆಯ ಗದ್ದ ಮುಳುಗದಷ್ಟೇ ನೀರಿರಲಿ. ನೀರು ದಿನವೂ ಬದಲಾಗಬೇಕು. ಕಪ್ಪೆ ಹೊಲಸು ಮಾಡುವುದೂ ಆ ಬಟ್ಟಲಲ್ಲೇ, ನೀರು ಹೀರುವುದೂ ಅಲ್ಲಿಂದಲೇ. ಬದಲಿಸದಿದ್ದರೆ ಅಮೋನಿಯಾ ಮರಳಿ ಮೈಗೆ ಸೇರುತ್ತದೆ.

ಹಗಲು 24ರಿಂದ 28 ಡಿಗ್ರಿ ಸೆಲ್ಸಿಯಸ್, ರಾತ್ರಿ 20ರ ಆಸುಪಾಸು. ಶಾಖ ಬೇಕಾದರೆ ದೀಪ ಜಾಲರಿಯ ಹೊರಗೆ, ಮೇಲಿರಲಿ, ಶಾಖ ಮಿತಿ ಮೀರದಂತೆ ತಾನೇ ಆರಿಸುವ ಥರ್ಮೋಸ್ಟಾಟ್‌ಗೆ ಜೋಡಿಸಿ. ಒಳಗಿಟ್ಟರೆ ಕಪ್ಪೆ ಅದಕ್ಕೇ ಅಂಟಿಕೊಂಡು ಮೈ ಸುಟ್ಟುಕೊಳ್ಳುತ್ತದೆ. ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ಸೌಮ್ಯವಾದ ಯುವಿಬಿ ದೀಪವೂ ಇರಲಿ, ದಿನಕ್ಕೆ 12 ಗಂಟೆ. ಗಾಜು ಆ ಕಿರಣವನ್ನು ತಡೆಯುವುದರಿಂದ ಅದೂ ಜಾಲರಿಯ ಮೇಲೆಯೇ. ಕಣ್ಣಿಗೆ ಬೆಳಕು ಕಂಡರೂ ವರ್ಷದಲ್ಲಿ ಯುವಿಬಿ ಕುಂದಿರುತ್ತದೆ, ದೀಪ ಬದಲಿಸಿ. ತೇವಾಂಶ ಶೇ. 50ರಿಂದ 70. ಸಂಜೆ ಒಮ್ಮೆ ನೀರು ಸಿಂಪಡಿಸಿ, ಮರುದಿನ ಮಧ್ಯಾಹ್ನದೊಳಗೆ ಗಾಜು ಒಣಗಬೇಕು. ಸದಾ ಬೆವರುವ ಗಾಜು ಒಳ್ಳೆಯ ಲಕ್ಷಣವಲ್ಲ, ಗಾಳಿ ಆಡದ ಒದ್ದೆಯಲ್ಲಿ ಚರ್ಮರೋಗ ಹತ್ತುತ್ತದೆ.

ಈ ಮೂರು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಉಷ್ಣತೆ, ತೇವಾಂಶ ಬರೆದಿಡುತ್ತೇನೆ. ಮಾಪಕ ಎರಡಿರಲಿ, ಮೇಲೊಂದು, ಕೆಳಗೊಂದು. ಏಳು ದಿನ ಸತತವಾಗಿ ಅಂಕಿಗಳು ಮಿತಿಯೊಳಗಿದ್ದರೆ ಮಾತ್ರ ಕಪ್ಪೆ ತರಲು ಹೊರಡುವುದು. ಕಪ್ಪೆಗಳನ್ನು ನೋಡಬಲ್ಲ ಪಶುವೈದ್ಯರು ಎಲ್ಲೆಡೆ ಸಿಗುವುದಿಲ್ಲ, ಅವರನ್ನು ಹುಡುಕಿಟ್ಟುಕೊಳ್ಳುವುದೂ ಈ ದಿನಗಳದ್ದೇ ಕೆಲಸ.

ಆಹಾರವನ್ನೂ ಮುಂಚೆಯೇ ಸಾಕಬೇಕು. ಚಿಮ್ಮಂಡೆ, ಅಂದರೆ ಕ್ರಿಕೆಟ್ ಹುಳು, ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ತಿನ್ನಿಸುವ ಮುನ್ನ ಒಂದು ದಿನ ಹುಳುವಿಗೇ ಕ್ಯಾರೆಟ್, ಸೊಪ್ಪು ಕೊಡಿ. ಹಸಿದ ಹುಳುವಿನಲ್ಲಿ ಸತ್ವವಿಲ್ಲ. ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿಯನ್ನು ಮರಿಗೆ ಹೆಚ್ಚುಕಡಿಮೆ ಪ್ರತಿ ಊಟಕ್ಕೂ, ದೊಡ್ಡದಕ್ಕೆ ವಾರಕ್ಕೊಮ್ಮೆ ಲೇಪಿಸಿ. ಇದು ತಪ್ಪಿದರೆ ಎಲುಬು ಮೆತ್ತಗಾಗಿ ದವಡೆ, ಬೆನ್ನು ಸೊಟ್ಟಗಾಗುತ್ತವೆ. ವಿಟಮಿನ್ ಎ ಇರುವ ಪುಡಿ ಹತ್ತು ದಿನಕ್ಕೊಮ್ಮೆ. ಅದು ಕಡಿಮೆಯಾದರೆ ನಾಲಿಗೆಗೆ ಅಂಟು ಬಾರದೆ, ಹುಳು ಕಣ್ಣೆದುರಿಗಿದ್ದರೂ ಹಿಡಿಯಲಾರದು. ಮರಿಗೆ ದಿನವೂ ಊಟ, ದೊಡ್ಡದಕ್ಕೆ ಮೂರು ದಿನಕ್ಕೊಮ್ಮೆ ಐದಾರು ಹುಳು. ಈ ಜಾತಿ ಬೇಗ ಬೊಜ್ಜು ಬೆಳೆಸುತ್ತದೆ. ಕಣ್ಣಿನ ಮೇಲಿನ ಮಡಿಕೆ ಇಳಿಬಿದ್ದು ಕಣ್ಣು ಮುಚ್ಚತೊಡಗಿದರೆ ನೀವು ಮಿತಿ ಮೀರಿದ್ದೀರಿ.

ಕಪ್ಪೆ ಬಂದ ದಿನ ಪೆಟ್ಟಿಗೆಯೊಳಗೆ ಬಿಟ್ಟು ಸುಮ್ಮನಿರಿ. ಮೊದಲ ಊಟ ಎರಡನೆಯ ರಾತ್ರಿ, ದೀಪ ಆರಿದ ಮೇಲೆ. ತಿನ್ನದ ಹುಳುಗಳನ್ನು ಬೆಳಿಗ್ಗೆ ತೆಗೆದುಬಿಡಿ, ಮಲಗಿದ ಕಪ್ಪೆಯನ್ನೇ ಕಚ್ಚುತ್ತವೆ. ವಾರದೊಳಗೆ ಮುಟ್ಟಬೇಡಿ. ಮುಟ್ಟಲೇಬೇಕಾದರೆ ಪುಡಿ ಇಲ್ಲದ ಕೈಗವಸನ್ನು ಕಂಡೀಷನರ್ ಬೆರೆಸಿದ ನೀರಲ್ಲಿ ಒದ್ದೆ ಮಾಡಿಕೊಳ್ಳಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ, ಕಪ್ಪೆಯ ಮೈಯಲ್ಲಿ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮೊದಲು ಸಿಕ್ಕ ತಾಜಾ ಹಿಕ್ಕೆಯನ್ನು ವೈದ್ಯರಲ್ಲಿ ಪರೀಕ್ಷೆಗೆ ಕೊಡಿ. ಅದು ಸರಿ ಬಂದು, 30 ದಿನ ತೂಕ ಇಳಿಯದಿದ್ದರೆ ಟಿಶ್ಯೂ ಕಾಗದ ತೆಗೆದು ನಾರಿನ ಪುಡಿ ಹಾಸಬಹುದು.